ಪವರ್ ಸಪ್ಲೈಗೊಂದು ಪೆಟ್ಟಿಗೆ

ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವರು ಹಲವರು. ವಿದ್ಯಾರ್ಥಿಯ ಪಕ್ಕದಲ್ಲೇ ಕುಳಿತು ಕೈಕೆಲಸ ಕಲಿಸಿದವರು ಬೆರಳೆಣಿಕೆಯಷ್ಟು. ಮೂವತ್ತೈದು ವರ್ಷ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯನ್ನು ಮನೆಯಂತೆ ನಡೆಸಿ, ಈಗ ನಿವೃತ್ತರಾಗುತ್ತಿರುವ ಪೂಜ್ಯ ಮೇಷ್ಟ್ರು ಆ ವಿರಳ ಪಂಕ್ತಿಗೆ ಸೇರಿದವರು. ಕೆಟ್ಟ ಉಪಕರಣಗಳ ಖಾಲಿ ಪೆಟ್ಟಿಗೆಗಳನ್ನು ಬೀರುವಿನಲ್ಲಿ ಪೇರಿಸಿಡುತ್ತಿದ್ದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಡಬ್ಬಿ ಮೇಷ್ಟ್ರು’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರಪಟ್ಟವರಲ್ಲ.

ಇಂದು ಅದೇ ಪ್ರಯೋಗಶಾಲೆಯಲ್ಲಿ ಕಲಿಸುತ್ತಿರುವ ಶಿಷ್ಯೆಯೊಬ್ಬಳು ಇಪ್ಪತ್ತೆರಡು ವರ್ಷಗಳ ಹಿಂದೆ ಆಗಷ್ಟೇ ಅಂತಿಮ ವರ್ಷಕ್ಕೆ ಕಾಲಿಟ್ಟಿದ್ದಳು. ಬಟ್ಟೆ ಹೊಲಿಯುವ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಹೊಲಿಗೆ ಯಂತ್ರದ ಸೂಜಿಯ ಮೇಲೊಂದು ಪುಟ್ಟ ದೀಪ ಉರಿಸಲು ಮಗಳು ತಾನೇ, ಮನೆಯ ಕರೆಂಟನ್ನು ದೀಪಕ್ಕೆ ತಕ್ಕಷ್ಟಕ್ಕೆ ಇಳಿಸುವ ಪವರ್ ಸಪ್ಲೈ ಕಟ್ಟಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹೆಮ್ಮೆಯಿಂದ ಮೇಷ್ಟ್ರ ಬಳಿ ತಂದಳು.

“ಚೆನ್ನಾಗಿದೆಯಮ್ಮಾ. ಆದ್ರೆ ಇದಕ್ಕೆ ಉಸಿರಾಡೋಕೆ ಜಾಗ ಎಲ್ಲಿ? ಟ್ರಾನ್ಸ್‌ಫಾರ್ಮರ್ ಬಿಸಿಯಾದ್ರೆ ಡಬ್ಬಿ ಮೇಣದ ಹಾಗೆ ಮೆತ್ತಗಾಗುತ್ತೆ.”

ಮರುದಿನ ಬಿಸ್ಕತ್ತಿನ ತಗಡು ಡಬ್ಬಿ ಬಂತು. ಮೇಷ್ಟ್ರು ಎತ್ತಿದ್ದೇ ತಡ, ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ಅದರ ತಳ ಜೋತುಬಿತ್ತು.

“ಇದು ಬಿಸ್ಕತ್ತು ಹೊರೋಕೆ ಹುಟ್ಟಿದ್ದು, ಕಬ್ಬಿಣ ಹೊರೋಕಲ್ಲ!”

ಆಕೆಯ ಮುಖ ಬಾಡಿದ್ದನ್ನು ಕಂಡು ಅವರು ಬೀರು ತೆರೆದು, ಸೇವೆಗೆ ಸೇರಿದ ವರ್ಷ ತಾವೇ ಕಟ್ಟಿದ್ದ ಮೀಟರಿನ ದಪ್ಪ ಕಬ್ಬಿಣದ ಪೆಟ್ಟಿಗೆಯನ್ನು ಹೊರತೆಗೆದರು.

“ಸರ್, ಇದು ನಿಮ್ಮ ನೆನಪಿಗೆ ಇಟ್ಕೊಂಡಿದ್ದಲ್ವಾ?”

“ಮೀಟರ್ ಸತ್ತು ವರ್ಷಗಳಾಯ್ತು. ಪೆಟ್ಟಿಗೆ ಯಾಕೆ ಸೂತಕ ಹಿಡೀಬೇಕು? ತಗೋ.”

ಗಾಳಿಯಾಡಲು ತೂತು ಕೊರೆಸಿದರು. ತಂತಿ ಒಳಹೋಗುವಲ್ಲಿ ರಬ್ಬರ್ ಬಳೆ ಕೂರಿಸಿದರು. ಒಳಗಿನ ಬಣ್ಣ ಕೆರೆಸಿ, ಬರಿಯ ಕಬ್ಬಿಣಕ್ಕೇ ಅರ್ತಿಂಗ್ ತಂತಿ ಬಿಗಿಸಿದರು. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಇಷ್ಟೇಕೆ ಎಂದು ಆಕೆ ಒಳಗೊಳಗೇ ಗೊಣಗಿದಳು.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ, ತಾಯಿ ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದಾಗಲೇ ‘ಟಪ್’ ಎಂದು ದೀಪ ಆರಿತು. ಬಿಚ್ಚಿ ನೋಡಿದರೆ ಕರೆಂಟಿನ ತಂತಿಯೊಂದು ಬೆಸುಗೆ ಬಿಟ್ಟು ಕಬ್ಬಿಣಕ್ಕೆ ತಗುಲಿತ್ತು. ಅರ್ತಿಂಗ್ ಇದ್ದದ್ದರಿಂದ ಕರೆಂಟು ನೆಲಕ್ಕಿಳಿದು ಫ್ಯೂಸ್ ಸುಟ್ಟುಹೋಗಿತ್ತು. ತಾಯಿಯ ಕೈ ಜುಮ್ಮೆನ್ನಲೂ ಇಲ್ಲ.

ಮರುದಿನ ಕೃತಜ್ಞತೆ ಹೇಳಲು ಓಡಿದವಳ ಮಾತನ್ನು ಮೇಷ್ಟ್ರು ಪೂರ್ತಿ ಕೇಳಲಿಲ್ಲ. ಸಂಜೆ ಸೈಕಲ್ಲೇರಿ ಮನೆಗೇ ಬಂದು ತಾಯಿಯೆದುರು ಕೈಮುಗಿದರು.

“ಆ ಬೆಸುಗೆ ನೋಡಿ ಸರಿ ಅಂದೋನು ನಾನೇ. ತಪ್ಪು ನಂದು, ತಾಯಿ.”

“ಅಯ್ಯೋ, ಉಳಿಸಿದೋರೇ ಹೀಗಂದ್ರೆ ಹೇಗೆ? ಮೊದ್ಲು ಕೂತ್ಕೊಳ್ಳಿ,” ಎಂದು ತಾಯಿ ಗಾಬರಿಯಾದರು.

ಮೇಷ್ಟ್ರು ನೆಲದ ಮೇಲೇ ಕುಳಿತು, ಬೆಸುಗೆ ಬಿಟ್ಟರೂ ಕಳಚದಂತೆ ತಂತಿಯನ್ನು ಮೊದಲು ಕೊಂಡಿಯಂತೆ ಸುತ್ತಿ ಆಮೇಲೆ ಬೆಸೆದರು. ಮುಂದಿನ ವಾರ ಇಡೀ ತರಗತಿಯೆದುರು ಈ ತಪ್ಪನ್ನು ತಮ್ಮದೆಂದೇ ಹೇಳಿ, ಹಾಗೆ ಸುತ್ತಿ ಬೆಸೆಯುವುದನ್ನು ಎಲ್ಲರಿಗೂ ಕಲಿಸಿದರು. ತಾನೂ ಮೇಷ್ಟ್ರಾಗಬೇಕೆಂದು ಆಕೆ ನಿಶ್ಚಯಿಸಿದ್ದು ಆ ತರಗತಿಯಲ್ಲಿ.

ಮನೆಯ ಜಗಲಿಯಲ್ಲಿ ಮೇಷ್ಟ್ರು ಈಗಾಗಲೇ ಕೆಲಸದ ಮೇಜು ಹಾಕಿಸಿದ್ದಾರೆ. “ರಿಟೈರಾಗಿದ್ದು ಕಾಲೇಜು, ಇವ್ರಲ್ಲ,” ಎನ್ನುತ್ತಾರೆ ಅವರ ಮಡದಿ. ಮೇಜಿನ ಎದುರಿಗೆ ಬಂದವರಿಗೆಂದು ಇನ್ನೊಂದು ಕುರ್ಚಿಯೂ ಇದೆ. ಮೇಷ್ಟ್ರಿಗೆ ಆಯುರಾರೋಗ್ಯ ತುಂಬಿರಲಿ. ಆ ಕುರ್ಚಿ ಒಂದು ದಿನವೂ ಖಾಲಿ ಬೀಳದಿರಲಿ.