ದೊಡ್ಡಿಯ ಬಗ್ಗೆ ನಾನು ಬರೆದ ಒಂದು ಸಾಲು

ನಮ್ಮೂರಿಗೂ ಒಂದು ಭೂಗೋಳ, ಒಂದು ಚರಿತ್ರೆ ಇದೆ ಎಂದು ನಮ್ಮವರಿಗೆ ಗೊತ್ತಾದದ್ದು ಪಂಚಾಯ್ತಿಯವರು ಅದನ್ನು ಬರೆಸಲು ಹೊರಟ ಮೇಲೆ. ಅಲ್ಲಿಯತನಕ ನಮಗಿದ್ದದ್ದು ಒಂದು ಕೆರೆ, ಎರಡು ಬೋಳು ಬಂಡೆಗುಡ್ಡ, ಹಿಪ್ಪುನೇರಳೆ ತೋಟ, ರಾಗಿ ಹೊಲ ಮತ್ತು ಬದುವಿನ ಜಗಳ. ಚನ್ನಪಟ್ಟಣದಿಂದ ಅಕ್ಕೂರಿನ ಕಡೆ ಹೋಗುವ ಬಸ್ಸೂ ನಮ್ಮೂರಿಗೆ ಬರುವುದಿಲ್ಲ, ಹೊಂಗನೂರಿನ ಕಡೆ ಹೋಗುವುದೂ ಬರುವುದಿಲ್ಲ. ಊರ ದಾರಿ ಒಡೆಯುವ ಗೇಟಿನಲ್ಲಿ ಇಳಿದು ಅರ್ಧ ಗಂಟೆ ನಡೆಯಬೇಕು. ಇಂಥ ಊರಿಗೆ ಪುಸ್ತಕ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಪಂಚಾಯ್ತಿಗೆ ಹೊಸ ಕಟ್ಟಡ ಆಗಿತ್ತು, ಉದ್ಘಾಟನೆಗೆ ದೊಡ್ಡ ಮನುಷ್ಯರು ಬರುವವರಿದ್ದರು, ಹಾರ ಶಾಲಿನ ಜೊತೆ ಅವರ ಕೈಗೆ ಕೊಡಲು ಏನಾದರೊಂದು ಬೇಕಿತ್ತು. ಅಷ್ಟೆ.

ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು ನಾನು. ಪ್ರಪಂಚದ ನದಿಗಳನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ನಮ್ಮೂರಿನ ಹಳ್ಳ ಎಲ್ಲಿ ಹೋಗಿ ಯಾವ ಹೊಳೆ ಸೇರುತ್ತದೆ ಎಂದು ಸರಿಯಾಗಿ ತಿಳಿದುಕೊಂಡದ್ದು ಅರವತ್ತೆರಡನೇ ವಯಸ್ಸಿನಲ್ಲಿ. ಆದರೂ ಮೊದಲ ದಿನದಿಂದಲೇ ಜಂಬ ಬಂತು. ಕೊರಳಿಗೆ ಕನ್ನಡಕ ನೇತುಹಾಕಿಕೊಂಡು, ಕಂಕುಳಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ತಿರುಗಿದೆ. ಯಾರಾದರೂ ತಪ್ಪು ಹೇಳಿದರೆ ಕ್ಲಾಸಿನಲ್ಲಿ ಗದರಿದ ಹಾಗೆ ಗದರಿದೆ. ಎಪ್ಪತ್ತು ದಾಟಿದವರೂ ನನ್ನ ಮುಂದೆ ಕೈಕಟ್ಟಿ ನಿಂತರು, ನನಗೆ ಅದು ಹಿತವಾಗಿಯೇ ಇತ್ತು.

ನಮ್ಮ ಪಂಚಾಯ್ತಿಗೆ ನಾಲ್ಕು ಊರು, ಆರು ದೊಡ್ಡಿ. ದೊಡ್ಡಿ ಎಂದರೆ ಮೊದಲು ದನ ಕುರಿ ಕೂಡುತ್ತಿದ್ದ ಜಾಗ. ಕಾಯಲು ಹೋದವರು ಅಲ್ಲೇ ಗುಡಿಸಲು ಹಾಕಿ, ಅಲ್ಲೇ ಮಕ್ಕಳುಮರಿ ಆಗಿ, ಕೊನೆಗೆ ಅದೇ ಊರಾಗಿಬಿಡುತ್ತದೆ. ಆರರಲ್ಲಿ ಒಂದು ದೊಡ್ಡಿ ಗುಡ್ಡದ ಹಿಂದೆ ಇತ್ತು. ಕಂದಾಯದ ಕಾಗದದಲ್ಲಿ ಅದು ಬೇಚರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮ. ಹಿಂದೆ ಯಾವುದೋ ಕಾಲದಲ್ಲಿ ಪ್ಲೇಗು ಬಂದು ಜನ ಖಾಲಿ ಮಾಡಿದ್ದರಂತೆ, ಆಗ ಬರೆದದ್ದನ್ನು ಆಮೇಲೆ ಯಾರೂ ತಿದ್ದಲಿಲ್ಲ. ಆದರೆ ಅಲ್ಲಿ ಒಂದು ಮನೆ ಇತ್ತು. ಕುರಿ ಸಾಕುವ ಮನೆ. ಒಬ್ಬ ಮುದುಕಿ, ಅವಳ ಮಗಳು, ಮನೆಅಳಿಯ, ನಲವತ್ತು ಕುರಿ. ಮೂವರಿಗೂ ಓದು ಬರಹ ಬರುತ್ತಿರಲಿಲ್ಲ. ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲದರಲ್ಲೂ ನಮ್ಮೂರಿನ ವಿಳಾಸವೇ ಬಿದ್ದಿದ್ದರಿಂದ, ಅವರು ಆ ದೊಡ್ಡಿಯಲ್ಲಿ ಇದ್ದಾರೆ ಎನ್ನುವುದಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ.

ಪಂಚಾಯ್ತಿ ಮೆಂಬರೊಬ್ಬನ ಬೈಕಿನ ಹಿಂದೆ ಕೂತು ಅಲ್ಲಿಗೆ ಹೋದೆ. ಮುದುಕಿ ಒಳಗಿಂದ ಚಾಪೆ ತಂದು ಹಾಸಿದಳು, ಮಜ್ಜಿಗೆ ಕೊಟ್ಟಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ನಾನು ನೋಟ್‌ಬುಕ್ಕು ಬಿಚ್ಚಿ, "ದೊಡ್ಡವ್ವ, ನಿಮ್ದು ಯಾವೂರು?" ಎಂದೆ.

"ನಮ್ದು ಮಾಗಡಿ ಕಡೆ ಕಣಪ್ಪ" ಎಂದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ, ಬರೆದುಕೊಳ್ಳಲು ಕೂತವನು ಯಾವೂರು ಎಂದು ಕೇಳಿದರೆ ಜನ ತಾವಿರುವ ಊರು ಹೇಳುವುದಿಲ್ಲ, ಮನೆದೇವರ ಊರು ಹೇಳುತ್ತಾರೆ. ಎಷ್ಟು ತಲೆಮಾರಿನ ಹಿಂದೆ ಬಿಟ್ಟು ಬಂದಿದ್ದರೂ ಸರಿಯೆ, ವರ್ಷಕ್ಕೊಮ್ಮೆ ಹೋಗಿ ಮುಡಿ ಕೊಟ್ಟು ಬರುವ ಊರೇ ನಮ್ಮೂರು. ಹಾಗೆ ಹೇಳುವುದೇ ದೇವರಿಗೆ ಮರ್ಯಾದೆ. ನನ್ನನ್ನು ಕೇಳಿದರೂ ಕನಕಪುರದ ಕಡೆ ಎನ್ನುತ್ತೇನೆ. ಅಲ್ಲಿ ನಮಗೆ ಗೇಣು ಜಾಗವಿಲ್ಲ, ನೀರು ಕೊಡುವ ನೆಂಟರೂ ಇಲ್ಲ. ಮುದುಕಿಯ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬೇರೆಯವರ ಮುಂದೆ ಹೇಳಿದ್ದೇನೆ, ಇಲ್ಲಿ ಹೇಳಲಾರೆ.

ಆಮೇಲೆ ಅವಳು ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಹೊಂಗೆಮರದ ಕೆಳಗೆ ಏಳು ಸಮಾಧಿ ಗುಡ್ಡೆಗಳಿದ್ದವು, ತಲೆಯ ಕಡೆಗೆ ಒಂದೊಂದು ಕಲ್ಲು. ಕಾಲಲ್ಲಿ ತರಗೆಲೆ ಸರಿಸುತ್ತಾ ಒಂದೊಂದನ್ನೇ ತೋರಿಸಿದಳು.

"ಇದು ನಮ್ ಯಜಮಾನ್ರು. ಇದು ಮಾವ, ಇದು ಅತ್ತೆ, ಇದು ಮಾವನ ಅವ್ವ. ಆಚೆ ಮೂರು ನಂಗೊತ್ತಿಲ್ಲ, ಹಿಂದ್ಲೋರು. ಇವ್ರುನ್ನೂ ಬರ್ಕೊಳಪ್ಪ ಒಸಿ."

ಬರೆದುಕೊಂಡೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅಲ್ಲಿಗೆ ಎದ್ದು ಬಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ಸುಮ್ಮನಿರಬೇಕಲ್ಲ. ಮೆಂಬರ್ ಇದ್ದಾನೆ ಎಂಬ ಹುರುಪಿಗೆ, ಊರು ಕಟ್ಟಿದವರು ನಮ್ಮ ಮನೆತನದವರೇ, ಪುಸ್ತಕದ ಮೊದಲನೇ ಅಧ್ಯಾಯವೇ ಅದು, ಎಂದುಬಿಟ್ಟೆ. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅಯ್ಯೋ ಬುಡು ಮಗ. ನಿಮ್ಮೋರು ಕನಕಪುರದ ಕಡೆಯಿಂದ ಒಂದ್ ಮಡಕೆ ಹೊತ್ಕೊಂಡು ಬಂದಾಗ ನಮ್ ಹಟ್ಟಿ ಬಾಗ್ಲಲ್ಲೇ ಅಂಬ್ಲಿ ಇಸ್ಕೊಂಡು ಕುಡುದ್ರಂತೆ. ನಮ್ಮತ್ತೆ ಹೇಳೋರು. ನಿಮ್ ಹೊಲ್ದಲ್ಲಿ ನಮ್ ಮಂದೆ ತರುಬಿ ತರುಬಿ, ಹಿಕ್ಕೆ ಬಿದ್ದೂ ಬಿದ್ದೂ ಅದು ಹೊಲ ಆಗಿದ್ದು. ಇಲ್ದಿದ್ರೆ ಬರೀ ಗರಸು ಕಣಪ್ಪ."

ಅವಳು ಚುಚ್ಚಲು ಹೇಳಿದ್ದಲ್ಲ. ಮನೆಯ ಮಾತು ಹೇಳುವ ಹಾಗೆ ಹೇಳಿದಳು. ಮೆಂಬರ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಯಂಕಾಲದ ಹೊತ್ತಿಗೆ ಟೀ ಅಂಗಡಿಗೆಲ್ಲ ಸುದ್ದಿ ಹರಡಿತ್ತು. ನಾನು ಬೆಂಚಿನ ಮೇಲೆ ಕೂರುವ ಮೊದಲೇ ಒಬ್ಬ, "ಏನ್ ಮೇಷ್ಟ್ರೇ, ಅಂಬ್ಲಿ ಆಯ್ತಾ?" ಎಂದ. ಒಂದು ವಾರ ಅದೇ ಆಯಿತು. ನನಗೆ ಹೊಟ್ಟೆ ಉರಿದುಹೋಯಿತು. ಅವಳು ಸುಳ್ಳು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ನಮ್ಮಜ್ಜಿಯೂ ಅದೇ ಕತೆ ಹೇಳುತ್ತಿದ್ದಳು, ಮನೆಯೊಳಗೆ, ಬಾಗಿಲು ಹಾಕಿಕೊಂಡು.

ಪುಸ್ತಕದಲ್ಲಿ ನಮ್ಮ ಮನೆತನಕ್ಕೆ ನಾಲ್ಕು ಪುಟ ಕೊಟ್ಟೆ. ಕಾಡು ಕಡಿದು, ಕೆರೆ ಕಟ್ಟಿಸಿ, ಊರು ನಿಲ್ಲಿಸಿದ ಹಿರಿಯರು ಎಂದು ಬರೆದೆ. ಕನಕಪುರವೂ ಇಲ್ಲ, ಮಡಕೆಯೂ ಇಲ್ಲ. ದೊಡ್ಡಿಗೆ ಒಂದು ಸಾಲು ಕೊಟ್ಟೆ: "ಗುಡ್ಡದ ಹಿಂದಿನ ದೊಡ್ಡಿಯು ಬೇಚರಾಕ್ ಆಗಿದ್ದು, ಮಾಗಡಿ ಕಡೆಯ ಕುರಿಗಾಹಿಗಳು ಇಲ್ಲಿ ಆಗಾಗ ಬಂದು ಬೀಡುಬಿಡುತ್ತಾರೆ." ಬೇಚರಾಕ್ ಎಂದು ಕಾಗದ ಹೇಳುತ್ತದೆ. ಮಾಗಡಿ ಕಡೆ ಎಂದು ಅವಳೇ ಹೇಳಿದ್ದಾಳೆ. ಯಾರು ಬಂದು ಕೇಳಿದರೂ ಉತ್ತರವಿತ್ತು. ಏಳು ಗುಡ್ಡೆಗಳನ್ನು ಬಿಟ್ಟೆ. ಬಿಟ್ಟಾಗ ಸ್ವಲ್ಪ ಖುಷಿಯೇ ಆಯಿತು.

ಉದ್ಘಾಟನೆ ಮುಗಿಯಿತು. ಹಿಂದಿನ ರಟ್ಟಿನ ಮೇಲೆ ನನ್ನ ಫೋಟೋ ಇದ್ದ ಪುಸ್ತಕವನ್ನು ಮನೆಗೊಂದರಂತೆ ಹಂಚಿದರು. ದೊಡ್ಡಿಗೂ ಒಂದು ಹೋಯಿತು. ಮುದುಕಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ ಎಂದು ಮೆಂಬರ್ ಹೇಳಿದ. ನಾನು ಮಾತು ಬದಲಿಸಿದೆ.

ಕೆಲವು ತಿಂಗಳ ಮೇಲೆ ಎರಡು ಸಂಗತಿ ಒಟ್ಟಿಗೆ ಬಂದವು. ದಾಖಲೆ ಇಲ್ಲದ ದೊಡ್ಡಿಗಳಲ್ಲಿ ಹಿಂದಿನಿಂದ ವಾಸ ಇರುವವರಿಗೆ ಸರ್ಕಾರ ಮನೆಯ ಹಕ್ಕುಪತ್ರ ಕೊಡುತ್ತದೆ ಎಂದಾಯಿತು. ಅದೇ ಹೊತ್ತಿಗೆ ಪಂಚಾಯ್ತಿಗೆ ಕಸ ಬೇರ್ಪಡಿಸುವ ಶೆಡ್ಡಿಗೆ ಜಾಗ ಬೇಕಾಯಿತು. ನಾಲ್ಕು ಊರಿನವರೂ ಮಿಕ್ಕ ಐದು ದೊಡ್ಡಿಯವರೂ ನಮ್ಮ ಹತ್ತಿರ ಬೇಡ ಎಂದು ಕೂಗಾಡಿದರು. ಉಳಿದದ್ದು ಆ ದೊಡ್ಡಿ. ಹಿಂದಿನಿಂದ ವಾಸವಿದ್ದಾರೆ ಎಂದು ಸಾಬೀತಾದರೆ ಮನೆ ಮುದುಕಿಯದು. ಇಲ್ಲದಿದ್ದರೆ ಜಾಗ ಕಸಕ್ಕೆ. ವಿಚಾರಣೆಗೆ ಗ್ರಾಮಲೆಕ್ಕಿಗರು ದಿನ ಗೊತ್ತುಮಾಡಿದರು.

ಅದಕ್ಕೆ ಎರಡು ದಿನ ಮುಂಚೆ ಮುದುಕಿ ಕೋಲೂರಿಕೊಂಡು ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಆ ಪ್ಲಾಸ್ಟಿಕ್ ಕವರು. ಜಗಲಿಯ ಮೇಲೆ ಕೂತು ಜೋಪಾನವಾಗಿ ಬಿಚ್ಚಿದಳು.

"ನಮ್ ದೊಡ್ಡಿದೂ ಬರ್ದಿದ್ದೀಯಂತಲ್ಲಪ್ಪ ಬುಕ್ಕಲ್ಲಿ. ನಮ್ತಾವ ಬ್ಯಾರೆ ಏನೈತೆ? ಇದ್ನೇ ತೋರ್ಸಾನ ಅಂತಿವ್ನಿ. ಒಸಿ ಓದೇಳು, ಏನ್ ಬರ್ದಿದ್ದೀಯ ಕೇಳಾನ."

ಪುಟ ತೆಗೆದೆ. ಸಾಲು ಕಣ್ಣಿಗೆ ಹೊಡೆದ ಹಾಗೆ ಕಂಡಿತು. ತಪ್ಪಾಗಿದೆ ದೊಡ್ಡವ್ವ, ನಾನೇ ಬಂದು ಹೇಳುತ್ತೇನೆ ಎನ್ನಬಹುದಿತ್ತು. ಒಂದು ಅರ್ಜಿ ಬರೆದು ಸಹಿ ಹಾಕಿದ್ದರೆ ಸಾಕಿತ್ತು. ಹಾಗೆ ಮಾಡಿದರೆ ಪುಸ್ತಕದಲ್ಲಿ ಸುಳ್ಳಿದೆ ಎಂದಾಗುತ್ತದೆ, ಒಂದು ಸುಳ್ಳಾದರೆ ಆ ನಾಲ್ಕು ಪುಟದ ಕತೆ ಏನು ಎಂದು ಟೀ ಅಂಗಡಿಯಲ್ಲಿ ಕೇಳುತ್ತಾರೆ. ನಾನು ಕನ್ನಡಕ ಹಾಕಿಕೊಂಡು, ಬೆರಳು ಇಟ್ಟುಕೊಂಡು, ಓದಿದೆ:

"ಗುಡ್ಡದ ಹಿಂದಿನ ದೊಡ್ಡಿಯಲ್ಲಿ ತಲತಲಾಂತರದಿಂದ ಕುರಿ ಸಾಕುವ ಮನೆತನವೊಂದು ವಾಸವಾಗಿದೆ. ಹೊಂಗೆಮರದ ಕೆಳಗೆ ಅವರ ಹಿರಿಯರ ಏಳು ಗುಡ್ಡೆಗಳಿವೆ. ಈ ಸೀಮೆಯ ಹೊಲಗಳು ಹಸನಾದದ್ದು ಅವರ ಮಂದೆಯಿಂದ."

ಅಷ್ಟು ಒಳ್ಳೆಯ ಮಾತುಗಳನ್ನು ನಾನು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಮುದುಕಿಯ ಕಣ್ಣಲ್ಲಿ ನೀರು ಬಂತು. "ಇನ್ನೊಂದ್ ಸಲ ಓದಪ್ಪ" ಎಂದಳು. ಎರಡನೇ ಸಲ ಒಂದೆರಡು ಮಾತು ಹಿಂದೆ ಮುಂದೆ ಆದವು, ಅವಳಿಗೆ ಗೊತ್ತಾಗಲಿಲ್ಲ. ನನ್ನ ಕೆನ್ನೆ ಸವರಿ ನೆಟಿಗೆ ಮುರಿದು, "ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದು ಹೋದಳು. ಅವಳು ಬೀದಿ ತಿರುಗಿದ ಮೇಲೆ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, "ಅದು ಯಾವ ಪುಟದಲ್ಲೈತೆ?" ಎಂದಳು. ಅವಳು ಪುಸ್ತಕ ಓದಿದ್ದಳು. ನಿನ್ನ ಕೆಲಸ ನೀನು ನೋಡಿಕೋ ಎಂದು ಅವಳ ಮೇಲೆ ರೇಗಿದೆ.

ಕೊನೆಗೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಜಾಗ ಕಸಕ್ಕೆ ಹೋಯಿತು. ಜೆಸಿಬಿ ಬಂದು ಒಂದೇ ಬೆಳಗಿನಲ್ಲಿ ಮನೆ ಕೆಡವಿತು, ಹೊಂಗೆಮರವನ್ನೂ ಬುಡಮೇಲು ಮಾಡಿತು. ಗುಡ್ಡೆಗಳ ಮೇಲೆ ಈಗ ಕಾಂಕ್ರೀಟು ನೆಲ. ಕುರಿ ಮಾರಿ ಅವರು ಚನ್ನಪಟ್ಟಣದಲ್ಲಿ ತಗಡಿನ ಮನೆ ಬಾಡಿಗೆಗೆ ಹಿಡಿದಿದ್ದಾರೆ, ಮಗಳು ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗೆ ಹೋಗುತ್ತಾಳೆ. ಆ ದೊಡ್ಡಿ ಈಗ ನಿಜವಾಗಿಯೂ ಬೇಚರಾಕ್.

ವಿಚಾರಣೆ ನಡೆದದ್ದು ಪಂಚಾಯ್ತಿಯ ಹೊಸ ಹಾಲಿನಲ್ಲಿ. ನಾಲ್ಕು ಊರಿನವರೂ ಬಂದಿದ್ದರು. ಆ ಮುದುಕಿ ಅಲ್ಲಿ ಯಾವಾಗಿನಿಂದ ಇದ್ದಾಳೆಂದು ಎಲ್ಲರಿಗೂ ಗೊತ್ತು. ಅವಳ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡವರೇ ಎಲ್ಲ. ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಕಸ ಅವರ ಊರಿಗೆ ಬರುತ್ತಿತ್ತು. ತಂತಮ್ಮ ಚಪ್ಪಲಿ ನೋಡಿಕೊಂಡು ಕೂತಿದ್ದರು. ನಾನು ಮುಂದಿನ ಕುರ್ಚಿಯಲ್ಲಿದ್ದೆ, ಊರಿನ ಹಿರಿಯ ಎಂದು ಕರೆಸಿದ್ದರು.

ಗ್ರಾಮಲೆಕ್ಕಿಗರು ಮೂವತ್ತು ದಾಟದ ಹೆಣ್ಣುಮಗಳು, ಒಳ್ಳೆಯವರು. ಮುದುಕಿಯನ್ನು ಕುರ್ಚಿ ಕೊಟ್ಟು ಕೂರಿಸಿದರು. "ಏನಾದ್ರೂ ದಾಖಲೆ ಇದ್ಯಾ ಅಜ್ಜಿ?" ಎಂದರು. ಮುದುಕಿ ಕವರು ಬಿಚ್ಚಿ ಪುಸ್ತಕ ಮುಂದೆ ಇಟ್ಟಳು. ಆಕೆ ಪುಟ ಹುಡುಕಿ, ಓದಿ, "ಅಜ್ಜಿ, ಇದರಲ್ಲಿ ನೀವು ಮಾಗಡಿ ಕಡೆಯೋರು, ಆಗಾಗ ಬಂದು ಹೋಗ್ತೀರ ಅಂತ ಇದೆಯಲ್ಲ" ಎಂದರು.

ಮುದುಕಿ ನಕ್ಕಳು. "ಇಲ್ಲ ಕಣವ್ವ, ನೀನು ಬ್ಯಾರೆ ಯಾವ್ದೋ ಓದ್ತಿದ್ದೀಯ. ಅದ್ರಲ್ಲಿ ಗುಡ್ಡೆ ವಿಷ್ಯ ಐತೆ, ಮಂದೆ ವಿಷ್ಯ ಐತೆ. ಸರ್ಯಾಗಿ ನೋಡು."

"ಇಷ್ಟೇ ಇರೋದು ಅಜ್ಜಿ."

"ಮೇಷ್ಟ್ರು ಇಲ್ಲೇ ಅವ್ರಲ್ಲ. ಅವ್ರೇ ಬರ್ದಿರೋದು. ಅವ್ರೇ ಓದ್ಲಿ" ಎಂದು ಮುದುಕಿ ಪುಸ್ತಕ ತೆಗೆದುಕೊಂಡು ಎದ್ದು ಬಂದು ನನ್ನ ಕೈಗಿಟ್ಟಳು. ಅವಳಿಗೆ ಭಯವೇ ಇರಲಿಲ್ಲ.

ಹಾಲಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಹಾಕಿಕೊಂಡೆ. ಅಚ್ಚಾಗಿದ್ದ ಸಾಲನ್ನು ಮೊದಲಿಂದ ಕೊನೆಯವರೆಗೆ, ಒಂದು ಅಕ್ಷರ ಬಿಡದೆ, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಓದಿದೆ. ಗ್ರಾಮಲೆಕ್ಕಿಗರು ಬರೆದುಕೊಂಡರು.

ಮುದುಕಿ ಅಲ್ಲೇ ನಿಂತಿದ್ದಳು. ಪುಸ್ತಕ ವಾಪಸು ಕೊಡಲು ಕೈ ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಖಾಲಿ ಪ್ಲಾಸ್ಟಿಕ್ ಕವರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅವತ್ತು ಮನೇಲಿ ಓದ್ದಾಗ ಚೆಂದಾಗಿತ್ತು ಕಣಪ್ಪ" ಎಂದಳು.