ಕೊಂಬಿನ ಮೀನಿನ ಊಟ

ಬಸವಕಲ್ಯಾಣದಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಮುಂಬೈ ಬಸ್ಸಿನ ಲೆಕ್ಕದಲ್ಲಿ, ಒಂದು ರಾತ್ರಿ ಎನ್ನುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಒಂದು ಪುಟ್ಟ ಸಮುದ್ರವಿತ್ತು. ಗಾಜಿನ ತೊಟ್ಟಿ, ತಳದಲ್ಲಿ ಹವಳದ ಪುಡಿ, ಮೇಲೆ ಸದಾ ಗುಳುಗುಳು ಎನ್ನುವ ಗಾಳಿಯ ಪಂಪು. ಅದನ್ನಿಟ್ಟುಕೊಂಡವರೋ, ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೊಟ್ಟೆಯನ್ನೂ ಮುಟ್ಟದ ಬಟ್ಟೆ ವ್ಯಾಪಾರಿಗಳು. ಊರವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಎಲ್ಲಿ ಸಿಗಬೇಕು?

“ಸಾವಕಾರ್ರ ಮನ್ಯಾಗ ಮೀನ ಸಾಕ್ಯಾರಂತ. ಉಣ್ಣಾಕಲ್ಲಂತ, ನೋಡಾಕಂತ!” ಎಂದು ಅಂಗಡಿಗೆ ಬಂದವರು ನನಗೆ ಕೇಳಿಸುವ ಹಾಗೆಯೇ ಆಡಿಕೊಳ್ಳುತ್ತಿದ್ದರು.

ಈ ಹುಚ್ಚನ್ನು ನನಗೆ ಹಚ್ಚಿದವನು ಹುಮನಾಬಾದಿನ ಗೆಳೆಯ. ರೇಡಿಯೋ, ಟಿವಿ ರಿಪೇರಿ ಅವನ ಕಸುಬು. ಕಡಲ ಮೀನು ಅವನ ಜೀವ. ಮುಂಬೈಯಲ್ಲಿ ಅವನಿಗೆ ಪರಿಚಯದ ಮೀನಿನ ವ್ಯಾಪಾರಿಯೊಬ್ಬರಿದ್ದರು. ಬಲೆಯಲ್ಲಿ ಎಲ್ಲರೂ ಕೇಳುವ ಮೀನಿನ ನಡುವೆ ಯಾರೂ ಕೇಳದ ವಿಚಿತ್ರ ಜೀವ ಬಂದರೆ ಅವರು ಅದನ್ನು ಬದಿಗಿಡುತ್ತಿದ್ದರು. ನಾವು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, “ಏನಾದರೂ ಬಂದಿದೆಯಾ?” ಎಂದು ಹೆಣ್ಣು ನೋಡುವವರ ಗತ್ತಿನಲ್ಲಿ ವಿಚಾರಿಸುತ್ತಿದ್ದೆವು. ಆಮೇಲೆ ಆಕ್ಸಿಜನ್ ತುಂಬಿದ ಪಾಲಿಥಿನ್ ಚೀಲ ಥರ್ಮೋಕೋಲ್ ಡಬ್ಬಿಯೊಳಗೆ ಕೂತು, ಹೈದರಾಬಾದಿಗೆ ಹೋಗುವ ಬಸ್ಸು ಹತ್ತಿ, ಬೆಳಗಿನ ಹೊತ್ತಿಗೆ ಹುಮನಾಬಾದಿನಲ್ಲಿ ಇಳಿಯುತ್ತಿತ್ತು. ಉಪ್ಪೂ ಮುಂಬೈಯಿಂದಲೇ ಬರಬೇಕು. ಅದನ್ನು ಡ್ರಮ್ಮಿನಲ್ಲಿ ಕದಡಿ, ಡೇರಿಯವರಿಂದ ಕಾಡಿ ಬೇಡಿ ತಂದ ಲ್ಯಾಕ್ಟೋಮೀಟರ್ ತೇಲಿಬಿಟ್ಟು ಹದ ನೋಡುತ್ತಿದ್ದೆವು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವ ಕಡ್ಡಿ ನಮ್ಮಲ್ಲಿ ನೀರಿಗೆ ಉಪ್ಪು ಬೆರೆಸಿದವರನ್ನು ಹಿಡಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಹಗಲೆಲ್ಲ ಕರೆಂಟು ಹೋಗಿ, ಪಂಪು ನಿಂತು, ಇದ್ದ ಮೀನುಗಳಲ್ಲಿ ಅರ್ಧ ಸತ್ತವು. ಅಪ್ಪ ಅಂಗಡಿಯಿಂದ ಬಂದು ನೋಡಿದರು. ಅಂಗಡಿಯಲ್ಲಿ ಒಂದೇ ದರ ಹೇಳಿ, ಗಿರಾಕಿ ಎದ್ದು ಹೋದರೂ ಕೂತಲ್ಲಿಂದ ಅಲುಗದ ಮನುಷ್ಯ ಅವರು.

“ನೋಡಪಾ, ಮನ್ಯಾಗ ಜೀವ ಸತ್ತು ಬೀಳೂದು ನನಗ ಸೇರಂಗಿಲ್ಲ. ಇನ್ನೊಂದು ಸತ್ತರ ಈ ಗಾಜಿನ ಪೆಟಗಿ ಹೊರಗ.”

ಅವ್ವನ ಕಟ್ಟಳೆ ಬೇರೆಯೇ ಇತ್ತು. ಮಾಂಸದ್ದು ಏನೇ ಇರಲಿ, ಹೊಸ್ತಿಲು ದಾಟಿ ಒಳಗೆ ಬರಕೂಡದು. ಹಾಗಾಗಿ ನಮ್ಮ ಮೀನುಗಳಿಗೆ ಡಬ್ಬಿಯ ಒಣ ಕಾಳು, ಪಾಲಕ್ ಸೊಪ್ಪು. ಕಾಳನ್ನು ಯಾವುದರಿಂದ ಮಾಡಿದ್ದಾರೆ ಎಂದು ಅವ್ವ ಕೇಳಲಿಲ್ಲ. ನಾನೂ ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವ ಉಸಾಬರಿಗೆ ಹೋಗಲಿಲ್ಲ.

ಇಂಥ ಮನೆಗೆ ಆ ಮೀನು ಬಂತು. ಅರಿಶಿನದ ಬಣ್ಣ, ಬೆಲ್ಲದಚ್ಚಿನಂಥ ಗಟ್ಟಿ ಚೌಕಾಕಾರದ ಮೈ, ಸೀಟಿ ಹೊಡೆಯಲು ಮುಂದೆ ಮಾಡಿದಂಥ ತುಟಿ. ಹಣೆಯ ಮೇಲೆ ನಿಜವಾಗಿಯೂ ಎರಡು ಕೊಂಬು. ಗೆಳೆಯ ಅದನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದ.

“ಭಾಯಿ, ಇದು ಭಾಳ ನಾಜೂಕ ಅದ. ಹೆದರಿಸಬ್ಯಾಡ. ಹೆದರಿದರ ಮೈಯಾಗಿಂದ ವಿಷ ಬಿಡ್ತದ. ಉಳಿದ ಮೀನೂ ಸಾಯ್ತಾವ, ತಾನೂ ಸಾಯ್ತದ.”

ಅಷ್ಟು ದಿನ ತೊಟ್ಟಿಯ ಮುಂದೆ ಮುಖ ತಿರುಗಿಸಿಕೊಂಡು ಹಾಯುತ್ತಿದ್ದ ಅವ್ವ ಅಂದು ನಿಂತಳು. “ಅಯ್ಯ, ಇದಕ್ಕ ಕೋಡ ಅದಾವಲ್ಲೋ!” ಎಂದು ಕಣ್ಣರಳಿಸಿದಳು. ರಾಜೇಶ್ವರದ ಕಡೆ ನಮಗೆ ಹೊಲವಿತ್ತು, ಎತ್ತುಗಳಿದ್ದವು; ಅವ್ವ ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಕೊಂಬಿದ್ದದ್ದನ್ನು ಕಂಡರೆ ಅವಳ ಕೈ ತಾನಾಗಿಯೇ ಮುಗಿಯುತ್ತಿತ್ತು. ಆವತ್ತಿನಿಂದ ಅದು ಮೀನಲ್ಲ, ನೀರಿನ ಎತ್ತು.

ಎತ್ತು ಮಾತ್ರ ಮೇವು ಮುಟ್ಟಲಿಲ್ಲ. ಕಾಳು ಹಾಕಿದರೆ ಬಾಯಿಗೆ ಎಳೆದುಕೊಂಡು ಥೂ ಎಂದು ಉಗುಳುತ್ತಿತ್ತು. ಪಾಲಕ್ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಸಿಗಡಿಯ ಚೂರು ಬೇಕು ಎಂದು ಗೆಳೆಯ ಫೋನಿನಲ್ಲಿ ಹೇಳುತ್ತಲೇ ಇದ್ದ. ಅವ್ವನ ಮುಂದೆ ಆ ಮಾತೆತ್ತುವ ಧೈರ್ಯ ನನಗೆಲ್ಲಿಂದ ಬರಬೇಕು? ದಿನದಿಂದ ದಿನಕ್ಕೆ ಅದರ ಹೊಟ್ಟೆ ಒಳಸೇರುತ್ತಿತ್ತು. ಅಪ್ಪ ಉಂಡು ಕೈ ತೊಳೆದು ಬಂದು ಒಮ್ಮೆ ಮೀನನ್ನು, ಒಮ್ಮೆ ನನ್ನನ್ನು ನೋಡಿ ಹೋಗುತ್ತಿದ್ದರು. ತೊಟ್ಟಿಯ ಆಯುಷ್ಯವೂ ಮೀನಿನ ಆಯುಷ್ಯವೂ ಒಂದೇ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬ. ಅಪ್ಪನೂ ನಾನೂ ಹೊಲಕ್ಕೆ ಹೋಗಿ, ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಮಧ್ಯಾಹ್ನ ಮನೆಗೆ ಬಂದೆವು. ತೊಟ್ಟಿಯ ನೀರು ಮಜ್ಜಿಗೆಯಾಗಿತ್ತು. ಮೇಲೆ ತುಪ್ಪದ ಕೆನೆ, ಹೋಳಿಗೆಯ ಹರಕು ತೇಲುತ್ತಿದ್ದವು. ಗಾಜಿಗೆ ಅರಿಶಿನ ಕುಂಕುಮ. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

“ಅವ್ವಾ, ಏನ್ ಮಾಡ್ದಿ ಇದು!” ಎಂದು ಕಿರುಚಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

“ಹೊಲದಾಗಿನ ಎತ್ತಿಗೆ ಹೋಳಿಗಿ ತಿನಸಾಕ ಹೋಗ್ತೀರಿ. ಮನ್ಯಾಗಿನ ಎತ್ತು ಹಬ್ಬದ ದಿನಾನೂ ಉಪಾಸ ಇರಬೇಕೇನು?” ಎಂದ ಅವ್ವ, ನೀರಿನ ಕಡೆ ನೋಡಿ ಗಳಗಳನೆ ಅತ್ತುಬಿಟ್ಟಳು. ತುಪ್ಪ ಸಾಲಲಿಕ್ಕಿಲ್ಲವೆಂದು ಎರಡು ಚಮಚೆ ಮೇಲೆ ಬೇರೆ ಸುರಿದಿದ್ದಳು. ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಅಪ್ಪ ಬಾಯಿ ಬಿಡುತ್ತಿದ್ದ ಮೀನುಗಳನ್ನು ಒಂದೊಂದಾಗಿ ಎಣಿಸಿದರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಹುಮನಾಬಾದಿಗೆ ಫೋನು ಹೋಯಿತು. ಗೆಳೆಯ ತನ್ನ ತೊಟ್ಟಿಯ ಅರ್ಧ ನೀರನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿಕೊಂಡು ಟೆಂಪೋದಲ್ಲಿ ಬಂದಿಳಿದ. ಬಲೆ ಹಾಕಿದರೆ ಮೀನು ಹೆದರೀತು, ಬೋಗುಣಿಯಲ್ಲೇ ನೀರಿನ ಸಮೇತ ಎತ್ತಬೇಕು ಎಂದ. ನಾನು ಬೋಗುಣಿಯನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಕಣ್ಣೊರೆಸಿಕೊಂಡು, ಬಳೆ ಮೇಲಕ್ಕೇರಿಸಿ, ಬೋಗುಣಿ ಇಳಿಬಿಟ್ಟಳು. “ಬಾರಪಾ, ಬಾ, ಹೆದರಬ್ಯಾಡ” ಎಂದು ಮೆಲ್ಲಗೆ ಕರೆದಳು. ಅದು ನಿಧಾನವಾಗಿ ತೇಲುತ್ತ ಒಳಗೆ ಬಂತು. ಮಿಕ್ಕ ಮೀನುಗಳನ್ನೂ ಹಾಗೆಯೇ ಎತ್ತಿ ಗೆಳೆಯನ ನೀರಿಗೆ ಬಿಟ್ಟು, ತೊಟ್ಟಿ ತೊಳೆದು ತುಂಬಿಸುವ ಹೊತ್ತಿಗೆ ಸಂಜೆಯಾಯಿತು. ಒಂದೂ ಸಾಯಲಿಲ್ಲ.

ಗೆಳೆಯ ಕಟ್ಟೆಯ ಮೇಲೆ ಕೂತು ಬೆವರೊರೆಸಿಕೊಂಡ. “ಅಮ್ಮಾ, ಆ ಹೋಳಿಗಿ ನನಗ ಕೊಡ್ರಿ. ಅದಕ್ಕ ಸಿಗಡಿ ಬೇಕ್ರಿ. ಸಿಗಲಿಲ್ಲಂದ್ರ ಇದು ಉಳಿಯಂಗಿಲ್ಲ.”

ಅವ್ವ ಅವನ ತಟ್ಟೆಗೆ ಹೋಳಿಗೆ ಹಾಕಿದಳು, ತುಪ್ಪ ಹಾಕಿದಳು, ಮತ್ತೊಂದು ಹೋಳಿಗೆ ಹಾಕಿದಳು. ಆಮೇಲೆ ಹೇಳಿದಳು: “ಹೊಸ್ತಿಲ ದಾಟಿ ಬರಬಾರದು ಅಂದೀನಿ, ಖರೆ. ಕಿಡಕಿ ದಾಟಿ ಬರಬಾರದು ಅಂತ ಯಾವಾಗ ಅಂದೀನಿ?”

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನಗಲಿಲ್ಲ, ಅವಳದು ತೀರ್ಪು. ಮರುದಿನವೇ ತೊಟ್ಟಿ ಗಲ್ಲಿಯ ಕಡೆಯ ಕಿಟಕಿಗೆ ಹೋಯಿತು. ಗಲ್ಲಿಯ ತುದಿಯಲ್ಲಿ ಗೆಳೆಯನ ಅಕ್ಕನ ಮನೆಯಿತ್ತು; ಗೆಳೆಯ ತರಿಸಿಕೊಟ್ಟ ಸಿಗಡಿ ಆಕೆಯ ಫ್ರಿಜ್ಜಿನಲ್ಲಿ ಉಳಿಯಿತು. ದಿನಾ ಬೆಳಗ್ಗೆ ನಾನು ಅಲ್ಲಿಂದ ಚೂರು ತಂದು, ನಮ್ಮದೇ ಮನೆಯ ಹೊರಗೆ ನಿಂತು, ಬಿದಿರು ಕಡ್ಡಿಗೆ ಚುಚ್ಚಿ, ಸರಳುಗಳ ನಡುವೆ ತೂರಿಸಿ ನೀರಿಗೆ ಇಳಿಸುತ್ತಿದ್ದೆ. ಆಮೇಲೆ ಹೊರಗಿನ ನಳದಲ್ಲಿ ಕೈ ತೊಳೆದು, ಹಿತ್ತಲಿಂದ ಬಂದು ಸ್ನಾನ ಮಾಡಿದ ಮೇಲಷ್ಟೇ ನನಗೆ ಒಳಗೆ ಪ್ರವೇಶ. ಮೊದಲ ಚೂರನ್ನು ಮೀನು ಕೊಂಬು ಓರೆ ಮಾಡಿ ನೋಡಿ ಸುರ್ ಎಂದು ಎಳೆದುಕೊಂಡಿತು. ಕಾದೆ, ಉಗುಳಲಿಲ್ಲ. ಗಲ್ಲಿಯಲ್ಲಿ ನಿಂತು ಒಬ್ಬನೇ ಕುಣಿದೆ. ನೋಡಿದವರು ನೋಡಿಕೊಳ್ಳಲಿ.

ಅಪ್ಪ ಮಾತ್ರ ಈ ಏರ್ಪಾಡಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಅನ್ನಲಿಲ್ಲ. ತಮ್ಮ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಶ್ರಾವಣಕ್ಕೆ ಮುಂಚೆ ಅಂಗಡಿಯ ಸೀರೆ ಖರೀದಿಗೆ ನಾನು ಸೊಲ್ಲಾಪುರಕ್ಕೆ ಹೋಗಬೇಕಾಗಿ ಬಂದಾಗ ನನ್ನ ಜೀವವೆಲ್ಲ ಇಲ್ಲೇ ಇತ್ತು. ಅವ್ವ ಸಿಗಡಿ ಮುಟ್ಟುವವಳಲ್ಲ. ನಾನಿಲ್ಲದ ದಿನ ಅದಕ್ಕೆ ಯಾರು ಉಣಿಸಬೇಕು? “ಹೋಗಿ ಬಾ, ನೋಡೂಣು” ಎಂದಷ್ಟೇ ಅವ್ವ ಹೇಳಿ ಕಳಿಸಿದಳು. ಅಲ್ಲಿ ಸೀರೆಯ ಬಣ್ಣ ನೋಡಿದರೆ ಮೀನಿನ ಬಣ್ಣ ಕಾಣುತ್ತಿತ್ತು.

ಬೆಳಗಿನ ಬಸ್ಸಿಗೆ ಮರಳಿ ಬಂದು ಗಲ್ಲಿ ಹೊಕ್ಕೆ. ನಮ್ಮ ಕಿಟಕಿಯ ಹೊರಗೆ ಅಪ್ಪ ನಿಂತಿದ್ದರು. ಧೋತರ ಮೇಲಕ್ಕೆ ಕಟ್ಟಿ, ಬಗ್ಗಿ, ಕಡ್ಡಿಯನ್ನು ಸರಳಿನೊಳಗೆ ತೂರಿಸಿ, ಉಸಿರು ಬಿಗಿಹಿಡಿದಿದ್ದರು. ಹೋಗಿ ಬರುವವರು ಮುಸಿಮುಸಿ ನಗುತ್ತಿದ್ದರು. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ.

ಹೆಜ್ಜೆಯ ಸಪ್ಪಳ ಕೇಳಿದರೂ ಅವರು ತಿರುಗಲಿಲ್ಲ. “ನೀನು ಕಡ್ಡಿ ಭಾಳ ಕೆಳಗ ಬಿಡ್ತಿದ್ದಿ. ಅದು ಮ್ಯಾಲ ಬಂದು ತಿಂತದ” ಎಂದರು.

ಚೂರು ಮಾಯವಾಯಿತು. ಅಪ್ಪ ಕಡ್ಡಿ ಹೊರಗೆಳೆದು, ನಳದ ಕಡೆ ನಡೆಯುತ್ತ ಅಂದರು: “ಮುಂಬೈಗೆ ಫೋನ್ ಹಚ್ಚಿ ಕೇಳು, ಇದಕ್ಕ ಜೋಡ ಸಿಗ್ತದೇನಂತ. ಒಂದ ಎತ್ತ ಕಟ್ಟಿ ಯಾರರ ಒಕ್ಕಲುತನ ಮಾಡ್ಯಾರ?”

ನಾನು ಸೀರೆಯ ಗಂಟನ್ನು ಕಟ್ಟೆಯ ಮೇಲಿಟ್ಟು, ಬಂದ ದಾರಿಯಲ್ಲೇ ಎಸ್‌ಟಿಡಿ ಬೂತಿಗೆ ಓಡಿದೆ.