ಹೆಲಿಪ್ಯಾಡಿನ ಗುಡ್ಡಣ್ಣ

ಕುಂದಾಪುರದ ಹೊಳೆಬದಿಯಲ್ಲಿ ಹೆಲಿಪ್ಯಾಡ್ ಇದ್ದಷ್ಟು ಕಾಲ ಗುಡ್ಡಣ್ಣನ ಗತ್ತೇ ಬೇರೆ. ಮಂತ್ರಿ ಬರಲಿ, ದೇವಸ್ಥಾನಕ್ಕೆ ಹೋಗುವ ದೊಡ್ಡ ಸಾಹುಕಾರ ಬರಲಿ, ಗಾಳಿ ಯಾವ ಕಡೆಗಿದೆ ಎಂದು ಪೈಲಟ್‌ಗೆ ತೋರಿಸುವವನು ಅವನೇ. ಮೈದಾನದ ಮೂಲೆಯ ಹೊಂಡದಲ್ಲಿ ಒಣ ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು, ಮೇಲೆ ಹಸಿ ಗೇರುಸೊಪ್ಪು ಹೇರಿದರೆ ಬೆಳ್ಳನೆಯ ಹೊಗೆ ಏಳುತ್ತಿತ್ತು. ಅದು ವಾಲಿದ ಕಡೆ ನೋಡಿಯೇ ಹೆಲಿಕಾಪ್ಟರ್ ಇಳಿಯಬೇಕು. ಒಮ್ಮೆ ಒಬ್ಬ ಪೈಲಟ್ ಇಳಿದು ಬಂದು ಕೈ ಕುಲುಕಿದ್ದನ್ನು ಗುಡ್ಡಣ್ಣ ಊರಿನಲ್ಲಿ ಹೇಳದ ಮನೆಯಿಲ್ಲ.

ಆಗ ರತೀಶ ಅವನ ಕೈಕೆಳಗೆ ಮೈದಾನದ ನಾಯಿ ಓಡಿಸುತ್ತಿದ್ದವನು.

ಹೆಲಿಪ್ಯಾಡ್ ಮುಚ್ಚಿತು. ಅಲ್ಲಿ ಕಲ್ಲು ಹಾಸಿ, ದೀಪದ ಕಂಬ ನೆಟ್ಟು, ಪೆಡಲ್ ದೋಣಿ ಬಿಟ್ಟರು. ಕಾವಲಿಗೆ ಒಬ್ಬ ಬೇಕು ಎಂದಾಗ ಗುಡ್ಡಣ್ಣ ಹೊಸ ಪಂಚೆ ಉಟ್ಟು ಹೋದ. ಹತ್ತನೆಯ ತರಗತಿ ಪಾಸಾಗಿರಬೇಕಂತೆ. ಅವನು ನಾಲ್ಕಕ್ಕೇ ಶಾಲೆ ಬಿಟ್ಟವನು. ಕೆಲಸ ರತೀಶನಿಗಾಯಿತು. ನೀಲಿ ಅಂಗಿ, ಟೋಪಿ, ಕುತ್ತಿಗೆಗೆ ಸೀಟಿ.

“ನಾಯಿ ಓಡ್ಸುವನಿಗೆ ಸೀಟಿ ಬೇರೆ!” ಎಂದು ಗುಡ್ಡಣ್ಣ ಊಟಕ್ಕೆ ಕೂತಾಗಲೆಲ್ಲ ಬಟ್ಟಲು ಕುಟ್ಟುತ್ತಿದ್ದ.

“ನಿಮ್ಗ್ ಕೆಲ್ಸ ಬೇಕಿತ್ತಾ, ಸೀಟಿ ಬೇಕಿತ್ತಾ? ಸೀಟಿಯಾರೆ ಪೇಟೆ ಅಂಗ್ಡಿಯಂಗೆ ಸಿಕ್ಕತ್ತ್,” ಎನ್ನುತ್ತಿದ್ದಳು ಹೆಂಡತಿ ವನಜ.

ಆದರೂ ದಿನಾ ಸಂಜೆ ಅವನ ಕಾಲು ಹೊಳೆಬದಿಗೇ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂತು ರತೀಶನ ತಪ್ಪು ಹುಡುಕುವುದು. ಮಕ್ಕಳು ರತೀಶನನ್ನು ‘ಸಾರ್’ ಎಂದರೆ ಇವನು ಅರ್ಧ ಸೇದಿದ ಬೀಡಿಯನ್ನು ಕಲ್ಲಿಗೆ ಹೊಸಕುತ್ತಿದ್ದ.

ಒಂದು ಭಾನುವಾರ ಐದೂವರೆಯ ಹೊತ್ತಿಗೆ ಅವನ ಬಲಗೆನ್ನೆಗೆ ತಂಪು ತಾಗಿತು. ಗಾಳಿ ತಿರುಗಿ ಮೂಡಣದಿಂದ ಬೀಸತೊಡಗಿತ್ತು. ನೀರೂ ಇಳಿತದಲ್ಲಿತ್ತು. ಹೊಳೆಯಲ್ಲಿ ನಾಲ್ಕು ದೋಣಿ, ಅದರಲ್ಲೊಂದು ಹೊಳೆ ಕಡಲು ಸೇರುವ ಅಳಿವೆಯ ಕಡೆ ಮೆಲ್ಲಗೆ ಜಾರುತ್ತಿತ್ತು. ರತೀಶ ಬೆನ್ನು ತಿರುಗಿಸಿ ಯಾರಿಗೋ ಫೋಟೋ ತೆಗೆದುಕೊಡುತ್ತಿದ್ದ.

ಹೋಗಲಿ ಕಡಲಿಗೆ, ಎಂದುಕೊಂಡ ಗುಡ್ಡಣ್ಣ. ಇವತ್ತೇ ಆ ನೀಲಿ ಅಂಗಿ ಕಳಚಿಬೀಳಲಿ. ಆ ದೋಣಿಯಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು ಇದ್ದರು. ಚಿಕ್ಕದು ಇವನತ್ತ ಕೈಬೀಸಿತು.

ಗುಡ್ಡಣ್ಣ ಬೈದುಕೊಳ್ಳುತ್ತಲೇ ಎದ್ದ. “ರತೀಶಾ! ಗಾಳಿ ತಿರ್ಗಿತ್. ದೋಣಿ ಕರಿ!”

“ಹ್ವಾಯ್ ಗುಡ್ಡಣ್ಣ, ಇಲ್ಲ್ ಹೆಲಿಕಾಪ್ಟರ್ ಬತ್ತಿಲ್ಲ್ಯ ಮಾರಾಯ್ರೆ. ಆರ್ ಗಂಟಿ ತನ್ಕ ಟೈಮ್ ಇತ್ತ್. ಮನಿಗ್ ಹೋಯ್ ಚಾ ಕುಡಿನಿ.”

ಸುತ್ತ ನಿಂತವರು ನಕ್ಕರು. ಗುಡ್ಡಣ್ಣನ ತಲೆ ಧಗ್ಗೆಂದಿತು. ಎಳನೀರು ಗಾಡಿಯ ಹಿಂದಿನ ಒಣ ಸಿಪ್ಪೆ ರಾಶಿಯನ್ನು ಕಾಲಿನಿಂದ ಒಟ್ಟುಮಾಡಿ, ಬೀಡಿಗೆಂದು ಇಟ್ಟುಕೊಂಡಿದ್ದ ಬೆಂಕಿಕಡ್ಡಿ ಗೀರಿದ. ಸಾಲಾಗಿ ನೆಟ್ಟಿದ್ದ ಚಂದದ ಗಿಡಗಳ ಸೊಪ್ಪು ಮುರಿದು ಮೇಲೆ ಒಗೆದ.

“ಏಯ್, ಇಲ್ಲ್ ಬೆಂಕಿ ಹಾಕುಕಾಗ!” ಎಂದು ರತೀಶ ಓಡಿಬಂದ.

“ಬಾಯಿ ಮುಚ್ಚಿ ಮೇಲ್ ಕಾಣ್!”

ಹೊಗೆ ಎದ್ದು, ಪಡುವಣಕ್ಕೆ ಮುರಿದು, ಸೀದಾ ಅಳಿವೆಯತ್ತ ಓಡಿತು. ರತೀಶ ಹೊಗೆ ನೋಡಿದ, ದೋಣಿ ನೋಡಿದ. ಸೀಟಿಯ ಮೇಲೆ ಸೀಟಿ ಊದಿದ. ಮೂರು ದೋಣಿ ತಾವಾಗಿ ತಿರುಗಿದವು. ನಾಲ್ಕನೆಯದನ್ನು ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆತಂದರು. ಜನ ರತೀಶನಿಗೆ ಚಪ್ಪಾಳೆ ತಟ್ಟಿದರು. ಗಿಡ ಮುರಿದದ್ದಕ್ಕೆ ಗುಡ್ಡಣ್ಣನನ್ನು ಬೈದರು.

ಮಂಗಳವಾರದ ಪೇಪರಿನಲ್ಲಿ ರತೀಶನ ಫೋಟೋ ಬಂತು, ಬಾಯಲ್ಲಿ ಸೀಟಿ ಸಮೇತ. ಹೆಗಲ ಹಿಂದೆ ಒಂದು ಬಿಳಿ ಗೆರೆ. ಗುಡ್ಡಣ್ಣ ರತೀಶನ ಮುಖದ ಮೇಲೆ ಹೆಬ್ಬೆರಳು ಒತ್ತಿಹಿಡಿದು ಹೆಂಡತಿಗೆ ತೋರಿಸಿದ.

“ಕಾಣ್ ವನಜಾ. ಹೊಗೆ. ನಂದ್!”

“ಕಂಡೆ. ಬೆರಳ್ ತೆಗಿನಿ, ಆ ಹುಡ್ಗನ್ ಮೋರೆನೂ ಕಾಣ್ಲಿ.”

ಗುಡ್ಡಣ್ಣ ಬೆರಳು ತೆಗೆಯಲಿಲ್ಲ.